ಜನವರಿಯಲ್ಲಿ ಬ್ಯಾಂಫ್: ಸ್ಕೀ, ಚಳಿ, ಸುತ್ತಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಕ್ಯಾಲ್ಗರಿಯಲ್ಲಿ ಮನೆ ಮಾಡಿಕೊಂಡವರಿಗೆ ಡಿಸೆಂಬರ್ ಬಂತೆಂದರೆ ಎರಡು ಕೆಲಸ. ಒಂದು, ಮನೆ ಮುಂದಿನ ಹಿಮ ಗೋರುವುದು. ಇನ್ನೊಂದು, ಬ್ಯಾಂಫ್‌ಗೆ ಹೊರಟವರ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಟೊರಾಂಟೊದ ಗೆಳೆಯರು, ಡಲ್ಲಾಸ್‌ನ ಭಾವ, ಮಗಳ ಮನೆಗೆ ಅಂತ ಮೈಸೂರಿನಿಂದ ಬಂದ ಹಿರಿಯರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ. ಕೇಳಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ.

## ಹೊರಡುವ ಮುಂಚೆ

ಬ್ಯಾಂಫ್ ಅಂದ್ರೆ ಊರಾ, ಪಾರ್ಕಾ? ಕ್ಯಾಲ್ಗರಿಯಿಂದ ಎಷ್ಟು ದೂರ?

ಎರಡೂ. ಬ್ಯಾಂಫ್ ನ್ಯಾಷನಲ್ ಪಾರ್ಕ್ ಕೆನಡಾದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ, 1885ರಲ್ಲಿ ಶುರುವಾದದ್ದು. 6,641 ಚದರ ಕಿಲೋಮೀಟರ್, ಅಂದರೆ ಕೊಡಗು ಜಿಲ್ಲೆಯ ಒಂದೂವರೆ ಪಟ್ಟಿಗಿಂತ ದೊಡ್ಡದು. ಅದರೊಳಗೇ ಬ್ಯಾಂಫ್ ಅನ್ನುವ ಪುಟ್ಟ ಊರಿದೆ. ಕ್ಯಾಲ್ಗರಿಯಿಂದ ಸುಮಾರು 130 ಕಿಲೋಮೀಟರ್. ರಸ್ತೆ ಚೆನ್ನಾಗಿದ್ದರೆ ಒಂದೂವರೆ ಗಂಟೆ, ಹಿಮ ಬೀಳುತ್ತಿದ್ದರೆ ಎಷ್ಟಾದರೂ ಆಗಬಹುದು. ಅಲ್ಲಿಂದ ಲೇಕ್ ಲೂಯಿಸ್ ಅನ್ನುವ ಕೆರೆಗೆ ಇನ್ನೂ ಮುಕ್ಕಾಲು ಗಂಟೆ. ಊರು ಸಮುದ್ರಮಟ್ಟದಿಂದ 1,383 ಮೀಟರ್ ಮೇಲಿದೆ, ಹತ್ತಿರತ್ತಿರ ನಮ್ಮ ಕೆಮ್ಮಣ್ಣುಗುಂಡಿಯ ಎತ್ತರ.

ಅಣ್ಣಾ, ಫೋಟೋದಲ್ಲಿರೋ ಆ ನೀಲಿ ಕೆರೆ ಜನವರೀಲಿ ನೋಡೋಕೆ ಸಿಗುತ್ತಾ?

ಸಿಗಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲಾಂದ್ರೆ ಬಂದಮೇಲೆ ಮುಖ ಸಪ್ಪೆ. ಹಿಮನದಿ ಕಲ್ಲನ್ನು ಅರೆದು ಹಿಟ್ಟು ಮಾಡುತ್ತದೆ. ಬೇಸಿಗೆಯಲ್ಲಿ ಆ ಹಿಟ್ಟು ಕರಗಿದ ನೀರಿನ ಜೊತೆ ಬಂದು ಕೆರೆಯಲ್ಲಿ ತೇಲುತ್ತದೆ, ಬಿಸಿಲು ಬಿದ್ದಾಗ ಆ ಬಣ್ಣ ಕಾಣುತ್ತದೆ. ಚಳಿಗಾಲದಲ್ಲಿ ಲೇಕ್ ಲೂಯಿಸ್ ಅಂದರೆ ಬೆಟ್ಟಗಳ ನಡುವೆ ಹಾಸಿದ ಬಿಳಿ ಬಯಲು. ಇನ್ನೊಂದು ನೀಲಿ ಕೆರೆ ಮೊರೇನ್ ಲೇಕ್‌ಗಂತೂ ರಸ್ತೆಯೇ ಬಂದ್. ಅಕ್ಟೋಬರ್ ಮಧ್ಯಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ಮೇ ಕೊನೆಯ ಹೊತ್ತಿಗೆ. ನೀಲಿ ಬೇಕಿದ್ದರೆ ಜುಲೈನಲ್ಲಿ ಬನ್ನಿ, ಸೊಳ್ಳೆಯೂ ಜನಜಂಗುಳಿಯೂ ಜೊತೆಗೆ ಸಿಗುತ್ತವೆ.

ಯಾವಾಗ ಬಂದ್ರೆ ಒಳ್ಳೇದು? ಕ್ರಿಸ್‌ಮಸ್ ರಜೆಗೇ ಬರೋಣ ಅಂತಿದ್ದೀವಿ.

ಬೇರೆ ರಜೆ ಸಿಗದಿದ್ದರೆ ಬನ್ನಿ. ಆದರೆ ಆಗ ಹಗಲು ತೀರಾ ಚಿಕ್ಕದು. ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ, ಸಂಜೆ ಐದಕ್ಕೆ ಮುಂಚೆಯೇ ಮುಳುಗಿರುತ್ತಾನೆ. ಸುತ್ತ ಬೆಟ್ಟ ಇರುವುದರಿಂದ ಕಣಿವೆಯಲ್ಲಿ ಬಿಸಿಲು ಅದಕ್ಕೂ ಮೊದಲೇ ಹೋಗಿಬಿಡುತ್ತದೆ. ಹೋಟೆಲ್ ದರ ಆಕಾಶದಲ್ಲಿರುತ್ತದೆ. ನನ್ನನ್ನು ಕೇಳಿದರೆ ಜನವರಿ ಎರಡನೇ ಅರ್ಧ, ಅದೂ ಸೋಮವಾರದಿಂದ ಗುರುವಾರದೊಳಗೆ. ಲೇಕ್ ಲೂಯಿಸ್‌ನಲ್ಲಿ ಮಂಜುಗಡ್ಡೆ ಕೆತ್ತುವವರ ಹಬ್ಬವೂ ಜನವರಿಯಲ್ಲೇ. ಸ್ಕೀಗೆ, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದಲ್ಲಿ ಜಾರುವುದಕ್ಕೆ, ಹಿಮದ ದಪ್ಪ ಮುಖ್ಯ ಅನ್ನುವವರು ಫೆಬ್ರವರಿ, ಮಾರ್ಚ್ ನೋಡಿಕೊಳ್ಳಿ.

ಯಾವಾಗ ಬಂದರೂ ದಿನಕ್ಕೆ ಎರಡೇ ಕೆಲಸ ಇಟ್ಟುಕೊಳ್ಳಿ. ಬೇಸಿಗೆಯ ಪಟ್ಟಿ ಹಿಡಿದುಕೊಂಡು ಚಳಿಗಾಲದಲ್ಲಿ ಓಡಾಡಿದವರು ಯಾವುದನ್ನೂ ನೆಟ್ಟಗೆ ನೋಡಿದ್ದನ್ನು ನಾನು ಕಂಡಿಲ್ಲ. ಬಟ್ಟೆ ಹಾಕಿ ಬಿಚ್ಚುವುದಕ್ಕೇ ಅರ್ಧ ದಿನ ಹೋಗುತ್ತೆ, ಮಕ್ಕಳಿದ್ದರೆ ಮುಕ್ಕಾಲು ದಿನ.

ಎಷ್ಟು ಚಳಿ ಇರುತ್ತೆ? ನಿಜ ಹೇಳಿ, ಸುಮ್ನೆ ಹೆದರಿಸಬೇಡಿ.

ಜನವರಿಯಲ್ಲಿ ಸಾಮಾನ್ಯ ದಿನ ಹಗಲು ಮೈನಸ್ 5, ರಾತ್ರಿ ಮೈನಸ್ 15 ಡಿಗ್ರಿ ಆಸುಪಾಸು. ಗಾಳಿ ಒಣ, ಹಾಗಾಗಿ ಸರಿಯಾದ ಬಟ್ಟೆ ಇದ್ದರೆ ಇದು ನಿಜಕ್ಕೂ ಹಿತವಾದ ಚಳಿ. ಆದರೆ ಪ್ರತಿ ಚಳಿಗಾಲದಲ್ಲೂ ಒಂದೆರಡು ಸಲ ಉತ್ತರದಿಂದ ಶೀತ ಇಳಿದು ಮೈನಸ್ 30ಕ್ಕೆ ಹೋಗುತ್ತದೆ. ಅದು ಬೇರೆಯೇ ಲೋಕ. ಮೂಗಿನೊಳಗಿನ ಕೂದಲು ಗರಿಗರಿ ಆಗುತ್ತದೆ, ಕಣ್ಣು ರೆಪ್ಪೆ ಅಂಟಿಕೊಳ್ಳುತ್ತದೆ, ಕಾಲಡಿಯ ಹಿಮ ಥರ್ಮೋಕೋಲ್ ಉಜ್ಜಿದ ಹಾಗೆ ಕಿರುಗುಡುತ್ತದೆ. ಗಾಳಿಯೂ ಸೇರಿ ಮೈನಸ್ 28ಕ್ಕಿಂತ ಕಮ್ಮಿ ಅನಿಸುವಾಗ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ಅನಿಸಿದರೆ 5ರಿಂದ 10 ನಿಮಿಷ ಸಾಕು. ಜೊತೆಯವರ ಕೆನ್ನೆ, ಮೂಗಿನ ತುದಿ ನೋಡುತ್ತಿರಿ. ಬಿಳಿ ಚುಕ್ಕೆ ಕಂಡರೆ ಒಳಗೆ ಹೋಗಿ ಅಂಗೈ ಇಟ್ಟು ಬೆಚ್ಚಗೆ ಮಾಡಿ. ಉಜ್ಜಬೇಡಿ.

ಇನ್ನೊಂದು ತಮಾಷೆ ಇದೆ. ತೀರಾ ಚಳಿಯ ದಿನ ತಣ್ಣನೆ ಗಾಳಿ ಭಾರವಾಗಿ ಕಣಿವೆಯಲ್ಲಿ ಕೂತುಬಿಡುತ್ತದೆ. ಆಗ ಊರಿಗಿಂತ ಬೆಟ್ಟದ ಮೇಲೇ ಬೆಚ್ಚಗಿರುವುದುಂಟು. ಹೋಟೆಲ್ ಕಿಟಕಿಯಿಂದ ನೋಡಿ ಪ್ಲಾನ್ ಬಿಡುವ ಮುಂಚೆ ಸ್ಕೀ ಬೆಟ್ಟದ ತಾಪಮಾನ ಬೇರೆಯಾಗಿ ನೋಡಿ. ಮತ್ತೆ ಚಿನೂಕ್ ಅಂತ ಪಶ್ಚಿಮದ ಬಿಸಿಗಾಳಿ ಬೀಸಿದರೆ ಒಂದೇ ದಿನದಲ್ಲಿ ಇಪ್ಪತ್ತು ಡಿಗ್ರಿ ಏರಿ, ಬೀದಿಯೆಲ್ಲ ನೀರು.

ಏನೇನು ಬಟ್ಟೆ ತರಬೇಕು? ಊರಿನ ಸ್ವೆಟರ್ ಸಾಲಲ್ವಾ?

ಒಂದೇ ದಪ್ಪ ಕೋಟು ಬೇಡ, ಮೂರು ಪದರ ಬೇಕು. ಮೈಗೆ ತಾಗುವಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್. ಅದರ ಮೇಲೆ ಫ್ಲೀಸ್ ಅಥವಾ ಊರಿನ ಸ್ವೆಟರ್. ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೇಡವೇ ಬೇಡ. ಸ್ಕೀ ಮಾಡಿದರೆ ಬೆವರುತ್ತೀರಿ, ಹತ್ತಿ ಅದನ್ನು ಹೀರಿಕೊಂಡು ಒದ್ದೆಯಾಗಿ ಕೂರುತ್ತದೆ, ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಯ ಲಿಫ್ಟಿನಲ್ಲಿ ಸುಮ್ಮನೆ ಕೂತ ಹತ್ತು ನಿಮಿಷದಲ್ಲಿ ಬೆನ್ನು ಮಂಜಾಗುತ್ತದೆ. ನಾನು ಮೊದಲ ಸಲ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಬಿದ್ದು ಎದ್ದು ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಹಪ್ಪಳದ ಹಾಗೆ ಸೆಟೆದು ನಿಂತಿತ್ತು, ಮಂಡಿ ಮಡಿಸಿದರೆ ಸದ್ದು ಬರುತ್ತಿತ್ತು.

ಐದು ಬೆರಳಿನ ಗ್ಲೌಸ್‌ಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಕುತ್ತಿಗೆಗೆ ಮಫ್ಲರ್ ಬದಲು ಕೊಳವೆಯಂತಹ ನೆಕ್ ವಾರ್ಮರ್ ತೊಗೊಳ್ಳಿ, ಮಫ್ಲರ್ ಲಿಫ್ಟಿಗೆ ಸಿಕ್ಕಿಕೊಳ್ಳುತ್ತದೆ. ಸ್ಕೀ ಜಾಕೆಟ್, ಪ್ಯಾಂಟು ಬಾಡಿಗೆಗೆ ಸಿಗುತ್ತವೆ, ಒಂದು ವಾರಕ್ಕೆ ಅಂತ ಕೊಳ್ಳಬೇಡಿ. ಅಮ್ಮ ಬಂದಾಗ ಸೀರೆ ಬಿಡಲ್ಲ ಅಂತ ಹಟ ಹಿಡಿದರು. ಲಂಗದೊಳಗೆ ಎರಡು ಥರ್ಮಲ್ ಪ್ಯಾಂಟು, ಸೀರೆಯ ಮೇಲೆ ಮಂಡಿವರೆಗೆ ಜಾಕೆಟ್, ಕಾಲಿಗೆ ಹಿಮದ ಬೂಟು. ನಮ್ಮೆಲ್ಲರಿಗಿಂತ ಆರಾಮಾಗಿದ್ದದ್ದು ಅವರೇ. ಕಾಲುಂಗುರ ಮಾತ್ರ ಬೂಟಿನೊಳಗೆ ತಣ್ಣಗಾಗಿ ಕೊರೆಯುತ್ತೆ ಅಂತ ತೆಗೆಸಿದೆವು.

ಲಿಪ್ ಬಾಮ್ ಮರೆಯಬೇಡಿ. ಗಾಳಿ ಎಷ್ಟು ಒಣ ಅಂದರೆ ಕೆಲವರಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ತಂದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ಅಗಲ ಬಾಯಿನ ಡಬ್ಬಿಯಲ್ಲಿ ತನ್ನಿ.

ಪಾಸ್ ಬೇಕಾ?

ಬೇಕು. ಪಾರ್ಕಿನೊಳಗೆ ನಿಲ್ಲುವವರೆಲ್ಲ ಪಾರ್ಕ್ಸ್ ಕೆನಡಾ ಪಾಸ್ ತೊಗೋಬೇಕು, ಊರಿನಲ್ಲಿ ಉಳಿದರೂ. 17 ವರ್ಷದವರೆಗಿನ ಮಕ್ಕಳಿಗೆ ದುಡ್ಡಿಲ್ಲ. ಆರೇಳು ದಿನ ಇರುವವರು ದಿನದ ಪಾಸ್ ಬದಲು ವರ್ಷದ ಪಾಸ್ ಲೆಕ್ಕ ಹಾಕಿ ನೋಡಿ.

ಕಾರ್ ಬಾಡಿಗೆಗೆ ತೊಗೊಳ್ಳೋದಾ, ಬಸ್ಸೇ ಸಾಕಾ? ನಾನು ಹಿಮದಲ್ಲಿ ಓಡಿಸಿಲ್ಲ.

ಓಡಿಸಿಲ್ಲ ಅಂದರೆ ಬಸ್ಸೇ ಸಾಕು, ನಾಚಿಕೆ ಏನಿಲ್ಲ. ಕ್ಯಾಲ್ಗರಿ ವಿಮಾನ ನಿಲ್ದಾಣದಿಂದ ಬ್ಯಾಂಫ್‌ಗೆ ನೇರ ಬಸ್ಸಿದೆ. ಬ್ಯಾಂಫ್‌ನಲ್ಲಿ ರೋಮ್ ಅನ್ನುವ ಊರ ಬಸ್ಸು ಗೊಂಡೋಲಾ (ತಂತಿಯ ಮೇಲೆ ಬೆಟ್ಟ ಹತ್ತುವ ಪೆಟ್ಟಿಗೆ), ಬಿಸಿನೀರಿನ ಬುಗ್ಗೆ, ಲೇಕ್ ಲೂಯಿಸ್, ಪಕ್ಕದ ಊರು ಕ್ಯಾನ್‌ಮೋರ್ ಎಲ್ಲ ಕಡೆ ಹೋಗುತ್ತದೆ. ಸ್ಕೀ ಬೆಟ್ಟಗಳಿಗೆ ಹೋಟೆಲುಗಳ ಹತ್ತಿರದಿಂದಲೇ ಬೇರೆ ಬಸ್ಸಿದೆ.

ಕಾರೇ ಬೇಕು ಅಂದರೆ ಟೈರ್ ನೋಡಿ. ಚಳಿಗಾಲದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಒಮ್ಮೆ ಊರಿಂದ ಬಂದ ತಮ್ಮನಿಗೆ ಬಾಡಿಗೆ ಕಾರಿನವರು ದೊಡ್ಡ ಗಾಡಿ ಕೊಟ್ಟರು, ನಾಲ್ಕೂ ಚಕ್ರ ತಿರುಗುವಂಥದ್ದು, ಚಳಿಗಾಲಕ್ಕೆ ಹೇಳಿ ಮಾಡಿಸಿದ್ದು ಅಂತ ಹೊಗಳಿ. ಟೈರ್ ಮಾತ್ರ ಸಾಧಾರಣದ್ದು. ಕ್ಯಾನ್‌ಮೋರ್ ದಾಟುವಾಗ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಬದಲು ತೇಲಿತು. ನಾಲ್ಕು ಚಕ್ರದ ಶಕ್ತಿ ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕೆ ಟೈರೇ ಬೇಕು. ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ. ಮೈನಸ್ 40ರವರೆಗೆ ಹೆಪ್ಪುಗಟ್ಟದ ಗಾಜು ತೊಳೆಯುವ ದ್ರವ ಇದೆಯಾ ಅಂತಲೂ ನೋಡಿ. ಕಾರಿನ ಮೂತಿಯಿಂದ ಒಂದು ವೈರು ನೇತಾಡುತ್ತಿದ್ದರೆ ಗಾಬರಿ ಬೇಡ, ಅದು ಎಂಜಿನ್ ಬೆಚ್ಚಗಿಡುವ ಹೀಟರಿನ ಪ್ಲಗ್. ತೀರಾ ಚಳಿಯ ರಾತ್ರಿ ಅದನ್ನು ಹೋಟೆಲ್ ಪಾರ್ಕಿಂಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡ್ತೀರಿ?

ಊರಿನಲ್ಲಿ ಇಂಡಿಯನ್ ಹೋಟೆಲುಗಳಿವೆ, ಆದರೆ ಅಲ್ಲಿ ಸಿಗುವುದು ಉತ್ತರದ ಅಡುಗೆ, ಬೆಲೆ ಜಾಸ್ತಿ. ನಾವು ಅಡುಗೆಮನೆ ಇರುವ ಕೋಣೆ ಹಿಡಿದು ಕ್ಯಾಲ್ಗರಿಯ ಇಂಡಿಯನ್ ಅಂಗಡಿಯಲ್ಲೇ ಸಾಮಾನು ತುಂಬಿಕೊಂಡು ಹೋಗುತ್ತೇವೆ. ಪುಟ್ಟ ಕುಕ್ಕರ್ ತನ್ನಿ. ಅಷ್ಟು ಎತ್ತರದಲ್ಲಿ ನೀರು 95 ಡಿಗ್ರಿಯಲ್ಲೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟರೆ ರಾತ್ರಿಯಾಗುತ್ತದೆ. ಸ್ಕೀ ಬೆಟ್ಟಕ್ಕೆ ಚಿತ್ರಾನ್ನ ಡಬ್ಬಿ ಒಯ್ಯಬಹುದು, ಸಾಮಾನ್ಯವಾಗಿ ಬುತ್ತಿ ಬಿಚ್ಚಿ ತಿನ್ನುವುದಕ್ಕೆ ಒಂದು ಮೂಲೆ ಇದ್ದೇ ಇರುತ್ತದೆ. ಡಬ್ಬಿಯನ್ನು ಕಾರಿನಲ್ಲಿ ಬಿಟ್ಟರೆ ಅನ್ನ ಕಲ್ಲು.

## ಸ್ಕೀ ಕಲಿಯುವವರಿಗೆ

ನಲವತ್ತೈದು ವಯಸ್ಸು. ಹಿಮಾನೇ ಮುಟ್ಟಿಲ್ಲ. ಕಲಿಯೋಕೆ ಆಗುತ್ತಾ?

ಆಗುತ್ತೆ. ನಾನು ಶುರು ಮಾಡಿದ್ದು ನಲವತ್ತೊಂದಕ್ಕೆ. ಗೆಳೆಯ ಹೇಳಿಕೊಡ್ತಾನೆ ಅಂತ ಮಾತ್ರ ಹೋಗಬೇಡಿ, ಗಂಡ ಹೇಳಿಕೊಡ್ತಾರೆ ಅಂತಂತೂ ಹೋಗಲೇಬೇಡಿ. ಮಾತು ಬೆಳೆದು ಸ್ಕೀ ಕೋಲು ಎಸೆದವರನ್ನು ನೋಡಿದ್ದೇನೆ. ಪಾಠ, ಬಾಡಿಗೆ ಸಾಮಾನು, ಚಿಕ್ಕ ಇಳಿಜಾರಿನ ಟಿಕೆಟ್ ಸೇರಿಸಿ ಹೊಸಬರಿಗೆ ಪ್ಯಾಕೇಜ್ ಇರುತ್ತದೆ. ಅದನ್ನೇ ತೊಗೊಳ್ಳಿ.

ಮೊದಲ ಅರ್ಧ ಗಂಟೆ ಸಮತಟ್ಟು ಜಾಗದಲ್ಲಿ ಒಂದೇ ಕಾಲಿಗೆ ಸ್ಕೀ ಹಾಕಿ ತಳ್ಳಿಕೊಂಡು ನಡೆಸುತ್ತಾರೆ. ಆಮೇಲೆ ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ನಿಲ್ಲಿಸುವುದು. ಮಕ್ಕಳಿಗೆ ಇದನ್ನು ಪಿಜ್ಜಾ ತುಂಡು ಅಂತ ಹೇಳಿಕೊಡುತ್ತಾರೆ. ಇದು ಬಂದರೆ ಬ್ರೇಕ್ ಬಂತು. ಮೇಲೆ ಹೋಗುವುದಕ್ಕೆ ಹಿಮದ ಮೇಲೆ ಚಾಪೆಯಂತೆ ಹರಿಯುವ ಬೆಲ್ಟ್ ಇರುತ್ತದೆ, ಮ್ಯಾಜಿಕ್ ಕಾರ್ಪೆಟ್ ಅಂತಾರೆ, ಸುಮ್ಮನೆ ನಿಂತರೆ ಒಯ್ಯುತ್ತದೆ. ನಮ್ಮ ದೊಡ್ಡ ತಪ್ಪು ಒಂದೇ. ಹೆದರಿಕೆಯಾದ ಕೂಡಲೇ ಹಿಂದಕ್ಕೆ ವಾಲುತ್ತೇವೆ. ಹಿಂದೆ ವಾಲಿದರೆ ಸ್ಕೀ ಮುಂದೆ ಓಡುತ್ತದೆ, ನೀವು ಕೂತಿರುತ್ತೀರಿ. ಮೊಳಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. ಮನಸ್ಸು ಬೇಡ ಅನ್ನುತ್ತದೆ, ಆದರೂ ಇಳಿಜಾರಿನ ಕಡೆಗೇ ಬಾಗಿ. ಬೀಳುವುದಾದರೆ ಪಕ್ಕಕ್ಕೆ ಬೀಳಿ, ಸೊಂಟದ ಮೇಲೆ.

ಬ್ಯಾಂಫ್‌ನಲ್ಲಿ ಮೂರು ಬೆಟ್ಟ ಅಂತಾರಲ್ಲ, ನಮಗೆ ಯಾವುದು?

ಮೊದಲ ದಿನಕ್ಕೆ ನಾರ್ಕ್ವೆ. ಊರಿಂದ ಹತ್ತು ಹದಿನೈದು ನಿಮಿಷ, ಚಿಕ್ಕದು, ದಾರಿ ತಪ್ಪುವುದಿಲ್ಲ, ಮಕ್ಕಳಿಗೆ ಟ್ಯೂಬ್ ಮೇಲೆ ಕೂತು ಜಾರುವುದೂ ಇದೆ. 1926ರಿಂದ ಅಲ್ಲಿ ಸ್ಕೀ ನಡೆಯುತ್ತಿದೆ. ಚಿಕ್ಕದು ಅಂತ ಹಗುರವಾಗಿ ನೋಡಬೇಡಿ, ಒಂದು ಪಕ್ಕ ಗೋಡೆಯಷ್ಟೇ ಕಡಿದಾಗಿದೆ.

ಸನ್‌ಶೈನ್ ವಿಲೇಜ್‌ನಲ್ಲಿ ಕೆಳಗೆ ಕಾರ್ ಬಿಟ್ಟು ಗೊಂಡೋಲಾದಲ್ಲೇ ಮೇಲೆ ಹೋಗಬೇಕು. ಮೇಲಿನ ಹಳ್ಳಿಯೇ 2,160 ಮೀಟರ್, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎತ್ತರದಲ್ಲಿ ನಿಂತು ನೀವು ಶುರು ಮಾಡುತ್ತೀರಿ. ಅತಿ ಮೇಲಿನ ಲಿಫ್ಟ್ 2,730 ಮೀಟರಿಗೆ ಒಯ್ಯುತ್ತದೆ. ಅಲ್ಲಿ ಅಮೆರಿಕ ಖಂಡದ ನೀರನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಹಂಚುವ ದಿಣ್ಣೆ ಹಾದುಹೋಗುತ್ತದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಲಿಫ್ಟ್ ಹತ್ತಿ ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಸೇರಿ ಮತ್ತೆ ಆಲ್ಬರ್ಟಾಕ್ಕೆ ಜಾರಿ ಬರಬಹುದು. ಹಿಮ ಚೆನ್ನ, ಆದರೆ ಮರಗಳಿಲ್ಲದ ಬಯಲು. ಮೋಡ ಕವಿದರೆ ಆಕಾಶ ಎಲ್ಲಿ ನೆಲ ಎಲ್ಲಿ ಗೊತ್ತಾಗದೆ ಹಾಲಿನೊಳಗೆ ಮುಳುಗಿದ ಹಾಗೆ ಆಗುತ್ತದೆ.

ಲೇಕ್ ಲೂಯಿಸ್ ಬೆಟ್ಟ ಮೂರರಲ್ಲಿ ವಿಸ್ತಾರ, 4,200 ಎಕರೆ. ಗಂಡಸರ, ಹೆಂಗಸರ ವಿಶ್ವಕಪ್ ಸ್ಕೀ ಪಂದ್ಯಗಳು ಬಹಳ ವರ್ಷ ಇಲ್ಲೇ ನಡೆದವು. ಕಣಿವೆಯಾಚೆ ಸರೋವರ, ಅದರ ಹಿಂದೆ ವಿಕ್ಟೋರಿಯಾ ಹಿಮನದಿ ಎದುರಿಗೇ ಕಾಣುತ್ತದೆ. ಮನೆಯವರಲ್ಲಿ ಒಬ್ಬರಿಗೆ ಚೆನ್ನಾಗಿ ಬರುತ್ತದೆ, ಇನ್ನೊಬ್ಬರು ಹೊಸಬರು ಅನ್ನುವ ಹಾಗಿದ್ದರೆ ಇಲ್ಲಿಗೇ ಹೋಗಿ. ಹೆಚ್ಚಿನ ಲಿಫ್ಟುಗಳ ತುದಿಯಿಂದ ಸುಲಭದ ದಾರಿಯೂ ಕಷ್ಟದ ದಾರಿಯೂ ಎರಡೂ ಇಳಿಯುತ್ತವೆ, ಕೆಳಗೆ ಮತ್ತೆ ಒಟ್ಟಿಗೆ ಸೇರಬಹುದು.

ಖರ್ಚು ಕೇಳಿದ್ರೆ ಎದೆ ಒಡೆಯುತ್ತೆ ಅಂತಾರೆ?

ಹೌದು. ದೊಡ್ಡ ಬೆಟ್ಟಗಳ ಒಂದು ದಿನದ ಲಿಫ್ಟ್ ಟಿಕೆಟ್ಟೇ ನೂರು ಡಾಲರಿಗಿಂತ ಜಾಸ್ತಿ. ಕೌಂಟರಿನಲ್ಲಿ ಕೊಳ್ಳಬೇಡಿ, ಮುಂಚೆಯೇ ಆನ್‌ಲೈನಿನಲ್ಲಿ ತೊಗೊಂಡರೆ ಕಮ್ಮಿ. ಹೊಸಬರು ಪೂರ್ತಿ ಬೆಟ್ಟದ ಟಿಕೆಟ್ ಕೊಳ್ಳುವುದು ದಂಡ, ಮೊದಲ ದಿನ ನೀವು ಆ ಚಾಪೆ ಬಿಟ್ಟು ಆಚೆ ಹೋಗುವುದಿಲ್ಲ.

ಬಾಡಿಗೆ ಬೂಟು ಹಾಕಿದ ಕೂಡ್ಲೇ ಕಾಲು ನೋವು. ದೊಡ್ಡದು ಕೇಳ್ಲಾ?

ಕೇಳಬೇಡಿ. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಅದು ಸರಿಯಾದ ಅಳತೆ. ಸಡಿಲ ಬೂಟಿನಲ್ಲಿ ಹಿಮ್ಮಡಿ ಎದ್ದರೆ ಸ್ಕೀ ಮಾತು ಕೇಳುವುದಿಲ್ಲ. ಒಂದೇ ಜೊತೆ ತೆಳು, ಉದ್ದ ಸಾಕ್ಸ್. ಎರಡು ಜೊತೆ ಹಾಕಿದರೆ ಮಡಿಕೆ ಬಿದ್ದು ಕಚ್ಚುತ್ತದೆ, ರಕ್ತ ಓಡಾಡದೆ ಇನ್ನೂ ಚಳಿ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಿರುವುದೇ ಹೆಚ್ಚಿನವರ ನೋವಿಗೆ ಕಾರಣ. ಅದನ್ನು ಮೇಲಕ್ಕೆ ಎಳೆದು ಮತ್ತೆ ಹಾಕಿ ನೋಡಿ.

ಬಾಡಿಗೆ ಅಂಗಡೀಲಿ ತೂಕ ಎಲ್ಲ ಯಾಕೆ ಕೇಳ್ತಾರೆ? ಸ್ವಲ್ಪ ಕಮ್ಮಿ ಹೇಳಿದ್ರೆ ಆಗಲ್ವಾ?

ಮದುವೆ ಮಾತುಕತೆ ಅಲ್ಲ, ನಿಜ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಆ ಉದ್ದನೆ ಹಲಗೆ ಮಂಡಿಯನ್ನು ತಿರುಚಿಬಿಡುತ್ತದೆ. ಎಷ್ಟು ಬಲಕ್ಕೆ ಕಳಚಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಅನುಭವ ನೋಡಿ ಸ್ಕ್ರೂ ತಿರುಗಿಸಿ ಇಡುತ್ತಾರೆ. ತೂಕ ಸುಳ್ಳಾದರೆ ಬೇಡದ ಜಾಗದಲ್ಲಿ ಕಳಚುತ್ತದೆ. ಅನುಭವ ಇದೆ ಅಂತ ಕೊಚ್ಚಿಕೊಂಡರೆ ಕಳಚಬೇಕಾದಾಗ ಕಳಚುವುದಿಲ್ಲ.

ಹಸಿರು, ನೀಲಿ, ಕಪ್ಪು ಅಂದ್ರೇನು? ಡಿಕ್ಕಿ ಆದ್ರೆ ತಪ್ಪು ಯಾರದ್ದು?

ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಇದ್ದರೆ ಆ ಕಡೆ ತಲೆ ಹಾಕಬೇಡಿ. ಇದು ಆಯಾ ಬೆಟ್ಟದೊಳಗಿನ ಹೋಲಿಕೆ ಅಷ್ಟೇ, ಲೇಕ್ ಲೂಯಿಸ್‌ನ ನೀಲಿ ಇನ್ನೊಂದು ಕಡೆ ಕಪ್ಪು ಇರಬಹುದು. ಡಿಕ್ಕಿಯ ವಿಷಯದಲ್ಲಿ ನಿಯಮ ಸ್ಪಷ್ಟ. ಕೆಳಗೆ, ಮುಂದೆ ಇರುವವರಿಗೆ ಹಕ್ಕು, ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ನೀವು ಸುಸ್ತಾಗಿ ನಿಲ್ಲುವುದಾದರೆ ಪಕ್ಕಕ್ಕೆ ನಿಲ್ಲಿ, ದಿಬ್ಬದ ಮರೆಯಲ್ಲಿ ನಿಲ್ಲಬೇಡಿ. ಹೆಲ್ಮೆಟ್ ಹಾಕಿ. ಪ್ರವಾಸದ ವಿಮೆ ಸ್ಕೀಗೆ ಅನ್ವಯಿಸುತ್ತದಾ ಅಂತ ಓದಿ ನೋಡಿ, ಕೆಲವು ಪಾಲಿಸಿಗಳಲ್ಲಿ ಹೊರಗಿಟ್ಟಿರುತ್ತಾರೆ.

ಇಳಿಜಾರು ಅಂದ್ರೆ ಭಯ. ನಿಧಾನವಾಗಿ ಮಾಡೋ ಸ್ಕೀ ಇದೆಯಾ?

ಕ್ರಾಸ್‌ಕಂಟ್ರಿ ಮಾಡಿ. ತೆಳು ಸ್ಕೀ, ಹಿಮ್ಮಡಿ ಬಿಟ್ಟುಕೊಂಡಿರುವ ಹಗುರ ಬೂಟು, ಕಾಡಿನ ನಡುವೆ ಹಿಮದಲ್ಲಿ ಕೊರೆದ ಎರಡು ಸಾಲು. ಲಿಫ್ಟಿನ ಖರ್ಚಿಲ್ಲ. 2023ಕ್ಕೆ ಮುಂಚೆ ಬೇಸಿಗೆಯಲ್ಲಿ ಕಾರು ಸಾಲುಗಟ್ಟುತ್ತಿದ್ದ ಮೊರೇನ್ ಲೇಕ್ ರಸ್ತೆಯ ಮೊದಲ ಭಾಗವೇ ಚಳಿಗಾಲದಲ್ಲಿ ಸ್ಕೀ ದಾರಿಯಾಗುತ್ತದೆ. ಸಾಲು ಮುಗಿಯುವ ನೋಟದ ಜಾಗದಿಂದ ವಾಪಸ್ ಬಂದುಬಿಡಿ, ಮುಂದೆ ಹಿಮಕುಸಿತದ ಜಾಗ. ಪಾರ್ಕಿನ ಗೇಟಿನಾಚೆ ಕ್ಯಾನ್‌ಮೋರ್‌ನಲ್ಲಿ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಕಟ್ಟಿದ ನಾರ್ಡಿಕ್ ಕೇಂದ್ರವಿದೆ, ಕಲಿಯುವುದಕ್ಕೆ ಅದು ವಾಸಿ. ಬಟ್ಟೆ ಕಮ್ಮಿ ಹಾಕಿ, ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು.

## ಸ್ಕೀ ಬೇಡ ಅನ್ನುವವರಿಗೆ

ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ. ನಾವು ಸ್ಕೀ ಮಾಡೋವಾಗ ಅವರೇನು ಮಾಡ್ತಾರೆ?

ಸಲ್ಫರ್ ಮೌಂಟನ್ ಗೊಂಡೋಲಾ ಹತ್ತಿಸಿ. ಎಂಟು ನಿಮಿಷದಲ್ಲಿ 2,281 ಮೀಟರ್ ಎತ್ತರಕ್ಕೆ ಬಿಡುತ್ತದೆ. ಮೇಲೆ ಬೆಚ್ಚಗಿನ ಕಟ್ಟಡ, ಕಾಫಿ, ಸುತ್ತಲೂ ಬೆಟ್ಟ. ಅಲ್ಲಿಂದ ಹಲಗೆ ಹಾಸಿದ ದಾರಿ ಸ್ಯಾನ್ಸನ್ ಶಿಖರಕ್ಕೆ ಹೋಗುತ್ತದೆ, ಮೆಟ್ಟಿಲಿವೆ, ಮಂಡಿ ನೋವಿದ್ದರೆ ಕಟ್ಟಡದ ಮೇಲಿನ ತಾರಸಿಯೇ ಸಾಕು. ಶಿಖರದಲ್ಲಿ ಪುಟ್ಟ ಕಲ್ಲಿನ ಮನೆಯಿದೆ. ನಾರ್ಮನ್ ಸ್ಯಾನ್ಸನ್ ಅನ್ನುವವರು ಹವಾಮಾನ ಬರೆದುಕೊಳ್ಳಲು ಮೂವತ್ತು ವರ್ಷ, ಚಳಿಗಾಲದಲ್ಲೂ ಬಿಡದೆ, ಸಾವಿರಕ್ಕೂ ಹೆಚ್ಚು ಸಲ ಈ ಬೆಟ್ಟ ನಡೆದು ಹತ್ತಿದರು. ಅಪ್ಪನಿಗೆ ಇದು ಹೇಳಿದಾಗ ಅವರು ಆ ಮನೆಯೊಳಗೆ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡುತ್ತಾ ನಿಂತರು. ಅವರೂ ರೈಲ್ವೆ ನೌಕರಿಯಲ್ಲಿ ದಿನಾ ಮಳೆಯ ಅಳತೆ ಬರೆದವರೇ.

ಇನ್ನೊಂದು ದಿನ ಕೇವ್ ಅಂಡ್ ಬೇಸಿನ್. 1883ರಲ್ಲಿ ಮೂವರು ರೈಲ್ವೆ ಕೆಲಸಗಾರರು ಈ ಬಿಸಿನೀರಿನ ಗುಹೆ ಕಂಡರು, ಅದರ ಮೇಲಿನ ಹಕ್ಕಿನ ಜಗಳ ತಡೆಯಲು ಸರ್ಕಾರ ಜಾಗ ಕಾದಿರಿಸಿದ್ದರಿಂದಲೇ ಪಾರ್ಕ್ ಹುಟ್ಟಿತು. ಇಲ್ಲಿನ ಮೂಲನಿವಾಸಿಗಳಾದ ಸ್ಟೋನಿ ನಕೋಡ ಜನರಿಗೆ ಈ ಬುಗ್ಗೆಗಳು ಮೊದಲಿಂದಲೂ ಗೊತ್ತಿದ್ದವು. ಇಲ್ಲಿ ನೀರಿಗೆ ಕೈಯನ್ನೂ ಅದ್ದುವಂತಿಲ್ಲ, ಬೇರೆಲ್ಲೂ ಇಲ್ಲದ ಒಂದು ಪುಟಾಣಿ ಬಸವನಹುಳು ಈ ನೀರಿನಲ್ಲಿದೆ. ಪಕ್ಕದಲ್ಲೇ ಇನ್ನೊಂದು ಪ್ರದರ್ಶನವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಶತ್ರು ದೇಶದವರು ಅಂತ ಹಿಡಿದ ಉಕ್ರೇನಿಯನ್ ವಲಸಿಗರನ್ನು ಕಾಸಲ್ ಮೌಂಟನ್ ಬುಡದ ಡೇರೆಗಳಲ್ಲಿ ಇಟ್ಟು ರಸ್ತೆ ಕೆಲಸ ಮಾಡಿಸಿದರು, ಚಳಿಗಾಲಕ್ಕೆ ಇಲ್ಲಿಗೆ ತಂದು ಹಾಕಿದರು. ನಾವು ಖುಷಿಯಾಗಿ ಓಡಾಡುವ ರಸ್ತೆಗಳಲ್ಲಿ ಅವರ ಬೆವರೂ ಇದೆ. ಹೊರಗೆ ಬಂದು ಅದೇ ಚಳಿಯಲ್ಲಿ ನಿಂತಾಗ ಅಮ್ಮ ಕೇಳಿದ್ದು ಒಂದೇ: ಅವರಿಗೆ ಬೂಟು ಕೊಟ್ಟಿದ್ರಾ?

ಮೈನಸ್ 20ರಲ್ಲಿ ಬಯಲಲ್ಲಿ ಬಿಸಿನೀರ ಸ್ನಾನ? ಜ್ವರ ಬರಲ್ವಾ?

ಬರಲ್ಲ. ಅಪ್ಪರ್ ಹಾಟ್ ಸ್ಪ್ರಿಂಗ್ಸ್‌ನ ಕೊಳ 37ರಿಂದ 40 ಡಿಗ್ರಿ, ನಮ್ಮ ಹಂಡೆ ನೀರಿನ ಹದ. ಬಾಗಿಲಿನಿಂದ ಕೊಳದವರೆಗಿನ ಹತ್ತು ಹೆಜ್ಜೆಯೇ ಕಷ್ಟ. ಕುತ್ತಿಗೆವರೆಗೆ ಮುಳುಗಿ ಕೂತರೆ ಹಬೆ ತಲೆಗೂದಲಿಗೆ ತಾಗಿ ಬಿಳಿಯಾಗುತ್ತದೆ, ಐದು ನಿಮಿಷದಲ್ಲಿ ಎಲ್ಲರೂ ಮುದುಕರು. ಗಂಧಕದ ವಾಸನೆ ಸ್ವಲ್ಪ ಇರುತ್ತದೆ. ಬೆಳ್ಳಿ ಆಭರಣ ತೆಗೆದಿಡಿ, ಕಪ್ಪಾಗುತ್ತದೆ. ರಕ್ತದೊತ್ತಡ ಇರುವವರು ಹತ್ತು ನಿಮಿಷಕ್ಕೊಮ್ಮೆ ಎದ್ದು ಕೂರಲಿ.

ಕೆರೆ ಮೇಲೆ ನಡೆಯೋದಾ? ಒಡೆದ್ರೆ?

ಲೇಕ್ ಲೂಯಿಸ್‌ನಲ್ಲಿ ಹೋಟೆಲಿನ ಎದುರು ಹಿಮ ಬಳಿದು ಸ್ಕೇಟಿಂಗ್ ಜಾಗ ಮಾಡಿರುತ್ತಾರೆ, ಜನವರಿಯಲ್ಲಿ ಅಲ್ಲಿ ಧೈರ್ಯವಾಗಿ ಇಳಿಯಬಹುದು. ಬೇರೆ ಕೆರೆಗಳನ್ನು ಯಾರೂ ಅಳೆದು ನೋಡಿರುವುದಿಲ್ಲ. ಒಬ್ಬರು ನಡೆಯಲು 15 ಸೆಂಟಿಮೀಟರ್, ಗುಂಪಿಗೆ 20 ಸೆಂಟಿಮೀಟರ್ ಮಂಜುಗಡ್ಡೆ ಬೇಕು ಅನ್ನುವುದು ಲೆಕ್ಕ. ನೀರು ಒಳಬರುವ, ಹೊರಹೋಗುವ ಕಡೆ ಮಂಜು ತೆಳ್ಳಗಿರುತ್ತದೆ. ವರ್ಮಿಲಿಯನ್ ಕೆರೆಗಳಲ್ಲಿ ತಳದಿಂದ ಬೆಚ್ಚಗಿನ ಒರತೆ ಬರುವ ಕಡೆ ಹೆಪ್ಪೇ ಗಟ್ಟುವುದಿಲ್ಲ. ಅಲ್ಲಿ ದಡದಲ್ಲೇ ನಿಂತು ಸೂರ್ಯ ಹುಟ್ಟುವಾಗ ರಂಡಲ್ ಬೆಟ್ಟ ನೋಡಿ, ಬೆಳಗ್ಗೆ ಎಂಟೂವರೆಗೆ ಸೂರ್ಯೋದಯ ಅನ್ನುವುದರ ಲಾಭ ಇದೊಂದೇ. ಲೇಕ್ ಲೂಯಿಸ್‌ನ ಆ ತುದಿಯವರೆಗೂ ನಡೆಯುವ ಆಸೆ ಬೇಡ. ಹಿಮಕುಸಿತದ ಎಚ್ಚರಿಕೆ ಫಲಕ ಕಂಡಲ್ಲಿ ತಿರುಗಿ ಬನ್ನಿ.

ಜಾನ್‌ಸ್ಟನ್ ಕ್ಯಾನ್ಯನ್‌ಗೆ ಗೈಡ್ ಬೇಕಾ?

ಬೇಡ. ಬೂಟಿಗೆ ಸಿಕ್ಕಿಸುವ ಮೊಳೆಗಳು ಬೇಕು, ಊರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಈ ಕಮರಿಯಲ್ಲಿ ಬಂಡೆಗೆ ಅಂಟಿಸಿದ ಕಾಲುದಾರಿ ಪೂರ್ತಿ ಮಂಜುಗಟ್ಟಿ ಗಾಜಿನ ಹಾಗೆ ಜಾರುತ್ತದೆ. ಕೆಳ ಜಲಪಾತಕ್ಕೆ ಸುಮಾರು 1.2 ಕಿಲೋಮೀಟರ್, ಮೇಲಿನದಕ್ಕೆ 2.5. ಮೇಲಿನ ಜಲಪಾತ ನೀಲಿ ಮೇಣ ಸುರಿದ ಹಾಗೆ ನಿಂತಿರುತ್ತದೆ, ಅದರ ಮೇಲೆ ಕೊಡಲಿ ಹೊಡೆದು ಹತ್ತುವವರನ್ನೂ ಕಾಣಬಹುದು. ಮೊಳೆ ಇಲ್ಲದೆ ಸ್ನೀಕರ್ಸ್‌ನಲ್ಲಿ ಬಂದವರು ಕಂಬಿ ತಬ್ಬಿಕೊಂಡು ಇಳಿಯುವುದನ್ನು ಪ್ರತಿ ಸಲ ನೋಡುತ್ತೇನೆ.

ಕರಡಿ ಬರುತ್ತಾ?

ಜನವರಿಯಲ್ಲಿ ಅವು ಗವಿಯಲ್ಲಿ ಮಲಗಿರುತ್ತವೆ. ಊರ ಬೀದಿಯಲ್ಲೇ ಸಿಗುವುದು ಎಲ್ಕ್ ಅನ್ನುವ ದೊಡ್ಡ ಜಿಂಕೆ. ಸಾಧು ಅನಿಸುತ್ತದೆ, ಅಲ್ಲ. 30 ಮೀಟರ್ ದೂರ ಇರಿ, ತೋಳ ಕಂಡರೆ 100 ಮೀಟರ್. ತಿನ್ನಲು ಏನೂ ಹಾಕಬೇಡಿ, ದಂಡ ಬೀಳುತ್ತದೆ. ಹೈವೇ ಮೇಲೆ ಮರ ಬೆಳೆದ ಸೇತುವೆ ಕಂಡರೆ ಅದು ಪ್ರಾಣಿಗಳು ದಾಟುವುದಕ್ಕೆ ಕಟ್ಟಿದ್ದು. ಪಾರ್ಕಿನಲ್ಲಿ ಅಂಥ ಮೇಲ್ಸೇತುವೆ ಆರು, ರಸ್ತೆಯಡಿಯ ದಾರಿ 38.

ಫೋನ್ 60 ಪರ್ಸೆಂಟ್ ಇದ್ದದ್ದು ದಿಢೀರ್ ಆಫ್ ಆಯ್ತು!

ಚಳಿಗೆ ಬ್ಯಾಟರಿ ಸೊರಗುತ್ತದೆ. ಜಾಕೆಟ್ಟಿನ ಒಳಜೇಬಿನಲ್ಲಿ, ಮೈ ಶಾಖ ತಾಗುವ ಹಾಗೆ ಇಡಿ. ಕ್ಯಾಮೆರಾ ಒಳಗೆ ತರುವ ಮುಂಚೆ ಹೊರಗೇ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರಿನ ಹನಿ.

## ಇನ್ನೂ ಮುಂದೆ ಹೋಗುವವರಿಗೆ

ಐಸ್‌ಫೀಲ್ಡ್ಸ್ ಪಾರ್ಕ್‌ವೇಯಲ್ಲಿ ಜಾಸ್ಪರ್‌ವರೆಗೆ ಹೋಗಿಬರಬಹುದಾ?

ಹೋಗಿ ಬರುವುದು ಒಂದೇ ದಿನದಲ್ಲಿ ಬೇಡ. ಲೇಕ್ ಲೂಯಿಸ್‌ನಿಂದ ಜಾಸ್ಪರ್ ಊರಿಗೆ ಈ ಬೆಟ್ಟದ ರಸ್ತೆಯಲ್ಲಿ 232 ಕಿಲೋಮೀಟರ್. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಈ ರಸ್ತೆಗೆ ಚಳಿಗಾಲದ ಟೈರ್ ಕಡ್ಡಾಯ. ನಡುವೆ ಪೆಟ್ರೋಲ್ ಸಿಗುವುದಿಲ್ಲ, ಬಹುತೇಕ ದೂರ ಮೊಬೈಲ್ ಸಿಗ್ನಲ್ ಇಲ್ಲ. ಟ್ಯಾಂಕ್ ತುಂಬಿಸಿ, ಕಂಬಳಿ, ಸಲಿಕೆ, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡು ಬೆಳಕು ಹರಿದ ಮೇಲೆ ಹೊರಟು ಕತ್ತಲಾಗುವ ಮುಂಚೆ ತಲುಪಿ. ಹಿಮ ಜಾಸ್ತಿ ಬಿದ್ದರೆ ಪಾರ್ಕಿನವರು ರಸ್ತೆ ಮುಚ್ಚಿ, ಸ್ಫೋಟಕ ಹಾಕಿ ಮೇಲಿನ ಹಿಮವನ್ನು ತಾವೇ ಬೀಳಿಸುತ್ತಾರೆ, ಆಗ ಒಂದು ದಿನ ಕಾಯಬೇಕಾಗಬಹುದು. ಮರುದಿನ ವಿಮಾನ ಇರುವವರು ಈ ರಸ್ತೆಗೆ ಬರಲೇಬೇಡಿ.

ನ್ಯಾಷನಲ್ ಪಾರ್ಕ್ ಒಳಗೆ ಸ್ಕೀ ರೆಸಾರ್ಟ್ ಹೇಗೆ ಬಿಟ್ರು? ನಮ್ಮಲ್ಲಿ ಬಂಡೀಪುರದಲ್ಲಿ ಬಿಡ್ತಾರಾ?

ಒಳ್ಳೆ ಪ್ರಶ್ನೆ. ಈ ಪಾರ್ಕ್ ಹುಟ್ಟಿದ್ದೇ ರೈಲು ಕಂಪನಿಗೆ ಪ್ರವಾಸಿಗರು ಬೇಕಿದ್ದ ಕಾಲದಲ್ಲಿ. ಚಳಿಗಾಲದಲ್ಲಿ ಊರು ಖಾಲಿ ಹೊಡೆಯುತ್ತಿತ್ತು. 1917ರಲ್ಲಿ ಊರಿನವರು ಚಳಿಗಾಲದ ಜಾತ್ರೆ ಶುರು ಮಾಡಿದರು, ಆಮೇಲೆ ಸ್ಕೀ ಬಂತು, ಬೆಟ್ಟಗಳು ಒಂದೊಂದಾಗಿ ತೆರೆದವು. ಆದರೆ 1972ರ ಚಳಿಗಾಲದ ಒಲಿಂಪಿಕ್ಸ್ ಇಲ್ಲಿಗೆ ತರಲು ಹೊರಟಾಗ ಕಾಡು ಪ್ರಾಣಿಗಳ ಪರ ಇರುವವರು ಜೋರಾಗಿ ವಿರೋಧಿಸಿದರು, ಕೂಟ ಜಪಾನಿನ ಸಪ್ಪೊರೊಗೆ ಹೋಯಿತು. 1988ರಲ್ಲಿ ಕ್ಯಾಲ್ಗರಿಗೆ ಒಲಿಂಪಿಕ್ಸ್ ಬಂದಾಗಲೂ ಇಳಿಜಾರು ಸ್ಕೀ ಪಂದ್ಯ ಪಾರ್ಕಿನ ಹೊರಗೆ, ನಕಿಸ್ಕಾದಲ್ಲಿ ನಡೆಯಿತು. ಈಗಿರುವ ಮೂರು ಬೆಟ್ಟಗಳಿಗೆ ಗಡಿ ಗೀಟು ಹಾಕಿ ಕೊಟ್ಟಿದ್ದಾರೆ. ಇಷ್ಟಾದರೂ ಜಾಸ್ತಿಯೇ ಅನ್ನುವವರು ಇದ್ದಾರೆ. ವಾರಾಂತ್ಯದ ಪಾರ್ಕಿಂಗ್ ಸಾಲು ನೋಡಿದಾಗ ನನಗೂ ಹಾಗೇ ಅನಿಸುತ್ತದೆ, ಆ ಸಾಲಿನಲ್ಲಿ ನಾನೂ ಇರುತ್ತೇನೆ ಅನ್ನುವುದು ಬೇರೆ ಮಾತು.

ಹಗ್ಗದ ಆಚೆ ಹಿಮ ಎಷ್ಟು ಚೆನ್ನಾಗಿದೆ! ಎಲ್ಲರೂ ಹೋಗ್ತಿದ್ದಾರಲ್ಲ?

ಅವರ ಬೆನ್ನುಚೀಲದಲ್ಲಿ ಏನಿದೆ ಅಂತ ನಿಮಗೆ ಕಾಣುವುದಿಲ್ಲ. ಆ ಹಗ್ಗ ಸ್ಕೀ ಬೆಟ್ಟದ ಗಡಿ. ಅದರೊಳಗೆ ಸ್ಕೀ ಗಸ್ತಿನವರು ಬೆಳಗ್ಗೆಯೇ ಹಿಮಕುಸಿತದ ಅಪಾಯ ಕಳೆದಿರುತ್ತಾರೆ, ಆಚೆ ಕಳೆದಿರುವುದಿಲ್ಲ. ಇಲ್ಲಿನ ಹಿಮ ತೆಳ್ಳಗೆ, ಚಳಿ ತೀವ್ರ, ಹಾಗಾಗಿ ಅಡಿಯಲ್ಲಿ ಸಕ್ಕರೆಯಂತೆ ಉದುರು ಪದರ ಬೆಳೆಯುತ್ತದೆ. ಅದರ ಮೇಲೆ ಗಟ್ಟಿ ಹಿಮ ಕೂತರೆ ರವೆಯ ಮೇಲೆ ಕಲ್ಲು ಚಪ್ಪಡಿ ಇಟ್ಟ ಹಾಗೆ. 2019ರ ಏಪ್ರಿಲ್‌ನಲ್ಲಿ ಹೌಸ್ ಶಿಖರದಲ್ಲಿ ಜಗತ್ತಿನ ಅತ್ಯುತ್ತಮ ಪರ್ವತಾರೋಹಿಗಳಲ್ಲಿ ಮೂವರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಅನುಭವ ಇದ್ದವರ ಕಥೆಯೇ ಇದು.

ಹೋಗಲೇಬೇಕು ಅಂದರೆ ಮೊದಲು ಎರಡು ದಿನದ ಹಿಮಕುಸಿತದ ತರಬೇತಿ ಮಾಡಿ. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮ ಚುಚ್ಚಿ ನೋಡುವ ಉದ್ದ ಸರಳು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ, ಆಮೇಲೆ ಬೇಗ ಬೇಗ ಇಳಿಯುತ್ತದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಅಗೆಯಬೇಕಾದವರು ಜೊತೆಯವರೇ. ಹೊರಡುವ ಬೆಳಗ್ಗೆ ಪಾರ್ಕ್ಸ್ ಕೆನಡಾದ ಹಿಮಕುಸಿತ ಮುನ್ಸೂಚನೆ ಓದಿ.

ಸ್ಕೋಕಿ ಲಾಡ್ಜ್ ಅಂತ ಕೇಳಿದೆ. ನಮ್ಮಂಥವರು ಹೋಗಬಹುದಾ?

ಎರಡು ಮೂರು ಚಳಿಗಾಲ ಸ್ಕೀ ಮಾಡಿದ್ದರೆ ಹೋಗಬಹುದು. 1930ರ ಸುಮಾರಿಗೆ ದಿಮ್ಮಿಗಳಿಂದ ಕಟ್ಟಿದ ಮನೆ, ಲೇಕ್ ಲೂಯಿಸ್ ಸ್ಕೀ ಬೆಟ್ಟದಿಂದ 11 ಕಿಲೋಮೀಟರ್. ರಸ್ತೆ ಇಲ್ಲ. ಸ್ಕೀ ತಳಕ್ಕೆ ಹಿಂದೆ ಜಾರದ ಪಟ್ಟಿ ಅಂಟಿಸಿ ಎರಡು ಕಣಿವೆಬಾಯಿ ಹತ್ತಿ ಇಳಿಯಬೇಕು. ಮೊದಲನೆಯದು ಬೌಲ್ಡರ್, ಎರಡನೆಯದರ ಹೆಸರು ಡಿಸೆಪ್ಷನ್, ಅಂದರೆ ಮೋಸ. ಇನ್ನೇನು ನೆತ್ತಿ ಬಂತು ಅನ್ನುವಾಗ ಇನ್ನೊಂದು ದಿಬ್ಬ ಕಾಣುತ್ತದೆ, ಅದರಾಚೆ ಮತ್ತೊಂದು. ಹೆಸರಿಟ್ಟವರು ಸುಳ್ಳು ಹೇಳಿಲ್ಲ.

ಅಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಪಾಯಿಖಾನೆ ಹೊರಗೆ. ಬ್ರಿಟನ್ನಿನ ರಾಜಕುಮಾರ ವಿಲಿಯಂ, ಕೇಟ್ 2011ರಲ್ಲಿ ಇಲ್ಲೇ ಉಳಿದಿದ್ದರು, ಅವರು ಬಂದದ್ದು ಜುಲೈನಲ್ಲಿ. ನಾವು ಫೆಬ್ರವರಿಯಲ್ಲಿ ಹೋದಾಗ ತಲುಪುವುದಕ್ಕೆ ಆರು ಗಂಟೆ ಹಿಡಿಯಿತು. ಸಂಜೆ ಸೌದೆ ಒಲೆಯ ಸುತ್ತ ಎಲ್ಲರ ಸಾಕ್ಸ್ ತೂಗುಬಿದ್ದಿದ್ದವು, ಮಲೆನಾಡಿನ ಮಳೆಗಾಲದ ಅಟ್ಟದ ವಾಸನೆ. ಜಾಗ ಕಮ್ಮಿ, ಬುಕಿಂಗ್ ತಿಂಗಳುಗಟ್ಟಲೆ ಮುಂಚೆ ಮುಗಿಯುತ್ತದೆ. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಹೇಳಿ. ಉಪ್ಪಿನಕಾಯಿ ಒಯ್ಯಿರಿ, ಅದು ಹೆಪ್ಪುಗಟ್ಟುವುದಿಲ್ಲ.